ಮೆಟ್ನರ್ ಕನ್ಸರ್ಟೊಗಳು: ಮೈಸೂರಿನ ತಟ್ಟೆಗಳಿಂದಲೇ ಶುರು ಮಾಡಿ

ರಷ್ಯಾದ ಸಂಗೀತ ರಚನಾಕಾರ ನಿಕೊಲಾಯ್ ಮೆಟ್ನರ್ ಹೆಸರೆತ್ತಿದರೆ ಪಿಯಾನೊ ಸಂಗೀತ ಕೇಳುವವರು ಸಾಮಾನ್ಯವಾಗಿ ಹೇಳುವುದು ಇಷ್ಟು: ರಾಖ್ಮನಿನೊವ್ (ಅದೇ ಕಾಲದ ಇನ್ನೊಬ್ಬ ರಷ್ಯನ್ ರಚನಾಕಾರ) ಥರಾನೇ ಇದೆ, ಆದರೆ ಒಂದು ಧಾಟಿಯೂ ನೆನಪಲ್ಲಿ ನಿಲ್ಲುವುದಿಲ್ಲ. ಈ ಮಾತು ಹುಟ್ಟಿಕೊಳ್ಳಲು ರೆಕಾರ್ಡಿಂಗ್‌ಗಳೂ ಕಾರಣ. ಮೆಟ್ನರ್ ಬರವಣಿಗೆಯಲ್ಲಿ ಮುಖ್ಯ ಸಂಗತಿ ನಡೆಯುವುದು ನಡುವಿನ ಸ್ತರಗಳಲ್ಲಿ, ಎಡಗೈ ಹೆಬ್ಬೆರಳಲ್ಲಿ, ವಯೋಲಾ ಮತ್ತು ಹಾರ್ನ್‌ಗಳಲ್ಲಿ. ಅದು ಕೇಳಿಸದಿದ್ದರೆ ಉಳಿಯುವುದು ಬರೀ ಗದ್ದಲ. ಅದನ್ನು ಕೇಳಿಸುವ ರೆಕಾರ್ಡಿಂಗ್ ಯಾವುದು, ಕೇಳಿಸದಿದ್ದರೆ ಯಾಕೆ ಅನ್ನುವುದೇ ಇಲ್ಲಿನ ವಿಷಯ.

1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ಸಿಂಫನಿ ಬರೆಯಲಿಲ್ಲ. ಆರ್ಕೆಸ್ಟ್ರಾ ಬಳಸಿದ್ದು ಮೂರು ಪಿಯಾನೊ ಕನ್ಸರ್ಟೊಗಳಲ್ಲಿ, ಅಂದರೆ ಒಂಟಿ ಪಿಯಾನೊ ಮತ್ತು ಆರ್ಕೆಸ್ಟ್ರಾಕ್ಕೆಂದು ಬರೆದ ಕೃತಿಗಳಲ್ಲಿ ಮಾತ್ರ. ಮೊದಲನೆಯದು ಸಿ ಮೈನರ್, ಓಪಸ್ (ಕೃತಿ ಸಂಖ್ಯೆ) 33, ಒಂದೇ ಚಲನೆಯ, ಅಂದರೆ ಒಂದೇ ಭಾಗದ ಕೃತಿ. ಎರಡನೆಯದೂ ಸಿ ಮೈನರ್, ಓಪಸ್ 50. ಟೊಕಾಟಾ, ರೊಮಾಂಝಾ, ಡಿವರ್ಟಿಮೆಂಟೊ ಎಂದು ಮೂರು ಭಾಗ. ಇದನ್ನು ಅವರು ರಾಖ್ಮನಿನೊವ್‌ಗೆ ಅರ್ಪಿಸಿದರು, ರಾಖ್ಮನಿನೊವ್ ತಮ್ಮ ನಾಲ್ಕನೆಯ ಕನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರು. ಮೂರನೆಯದು ಇ ಮೈನರ್, ಓಪಸ್ 60, 'ಬ್ಯಾಲಡ್' ಎಂದೇ ಹೆಸರು. ಇದರ ಅರ್ಪಣೆ ಮೈಸೂರು ಮಹಾರಾಜರಿಗೆ.

ಜಯಚಾಮರಾಜ ಒಡೆಯರ್ ಎಂದರೆ ನಮಗೆ ಶ್ರೀವಿದ್ಯಾ ಅಂಕಿತದ ಕೃತಿಗಳು ಮೊದಲು ನೆನಪಾಗುತ್ತವೆ. ಅವರು ಪಿಯಾನೊವನ್ನೂ ಶ್ರದ್ಧೆಯಿಂದ ಕಲಿತವರು, ಪಾಶ್ಚಾತ್ಯ ಸಂಗೀತದ ತಟ್ಟೆಗಳ ದೊಡ್ಡ ಸಂಗ್ರಹ ಇಟ್ಟುಕೊಂಡಿದ್ದವರು. ಮೆಟ್ನರ್ 1935ರಿಂದ ಲಂಡನ್ನಿನಲ್ಲಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ವಯಸ್ಸಾಗಿತ್ತು, ಹೃದ್ರೋಗ ಹಿಡಿದಿತ್ತು, ಕಛೇರಿಗಳೂ ಕಡಿಮೆಯಾಗಿದ್ದವು. 1946ರಲ್ಲಿ ಇಪ್ಪತ್ತೇಳರ ಹರೆಯದ ಮಹಾರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಸ್ಥಾಪಿಸಿದರು. ಮೆಟ್ನರ್ ತಮ್ಮ ಸಂಗೀತವನ್ನು ತಾವೇ ನುಡಿಸಿ ತಟ್ಟೆಗೆ ಇಳಿಸಬೇಕು ಎನ್ನುವುದು ಉದ್ದೇಶ, ಮುದ್ರಣದ ಹೊಣೆ ಎಚ್‌ಎಂವಿ ಕಂಪನಿಯದು. ಮೂರೂ ಕನ್ಸರ್ಟೊಗಳು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮುದ್ರಣವಾದವು: ಎರಡು ಮತ್ತು ಮೂರಕ್ಕೆ ಇಸ್ಸಾಯ್ ದೊಬ್ರೊವೆನ್, ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್ ನಿರ್ದೇಶಕರು. ಜೊತೆಗೆ ಸೊನಾಟಾಗಳು, 'ಸ್ಕಾಜ್ಕಿ' ಎಂಬ ಕಿರು ಪಿಯಾನೊ ಕಥೆಗಳು, ಹಾಡುಗಳು. ಒಂದಷ್ಟು ಹಾಡುಗಳನ್ನು ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದ್ದಾರೆ, ಪಿಯಾನೊದಲ್ಲಿ ಮೆಟ್ನರ್ ಅವರೇ. 1951ರಲ್ಲಿ ಅವರು ತೀರಿಕೊಂಡರು. ಐದು ವರ್ಷ ತಡವಾಗಿದ್ದರೆ ಇವ್ಯಾವುವೂ ಇರುತ್ತಿರಲಿಲ್ಲ.

ಈ ತಟ್ಟೆಗಳನ್ನು ಬರೀ ಹಳೆಯ ಸ್ಮಾರಕ ಎಂದು ಬದಿಗಿಡುವವರಿದ್ದಾರೆ. ನನ್ನ ಮಟ್ಟಿಗೆ ಅಳತೆಗೋಲು ಇವೇ. ಎರಡನೆಯ ಕನ್ಸರ್ಟೊದ ಟೊಕಾಟಾ ತೆಗೆದುಕೊಳ್ಳಿ. ಹೆಸರಿಗೆ ತಕ್ಕಂತೆ ಬಿಡುವಿಲ್ಲದ ಲಯದ ಓಟ. ಹೆಚ್ಚಿನವರು ಇಲ್ಲಿ ಎಲ್ಲ ಸ್ವರಗಳಿಗೂ ಒಂದೇ ತೂಕ ಕೊಟ್ಟು ಬಡಿಯುತ್ತಾರೆ. ಮೆಟ್ನರ್ ಹಾಗೆ ಮಾಡುವುದಿಲ್ಲ. ಘಾತ ಬೀಳುವ ಸ್ವರಕ್ಕೆ ಮಾತ್ರ ಒತ್ತು ಕೊಟ್ಟು ಉಳಿದವನ್ನು ಹಗುರವಾಗಿ ಸರಿಸುತ್ತಾರೆ. ಲಯದ ಎದುರಿಗೆ ಬೀಳುವ ಒತ್ತುಗಳು ಆಗ ತಾವಾಗಿಯೇ ಎದ್ದು ನಿಲ್ಲುತ್ತವೆ. ವೇಗ ಅಷ್ಟೇ ಇದ್ದರೂ ವಾಕ್ಯ ಎಲ್ಲಿ ಶುರು, ಎಲ್ಲಿ ಮುಗಿಯಿತು ಎನ್ನುವುದು ಸ್ಪಷ್ಟ. ಅದೇ ಭಾಗದ ಉದ್ದನೆಯ ಕೆಡೆಂಝಾದಲ್ಲಿ, ಆರ್ಕೆಸ್ಟ್ರಾ ಸುಮ್ಮನಿರುವಾಗ, ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಧಾಟಿ ಇಲ್ಲ ಎನ್ನುವವರಿಗೆ ಮೊದಲು ಕೇಳಿಸಬೇಕಾದದ್ದು ಇದನ್ನು.

ಹಳೆಯ ತಟ್ಟೆಗಳ ತೊಂದರೆಗಳೂ ನಿಜವೇ. 12 ಇಂಚಿನ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯಲ್ಲಿ ಒಂದು ಮುಖಕ್ಕೆ ಹಿಡಿಯುವುದು ನಾಲ್ಕು, ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಮೂವತ್ತೈದು ನಿಮಿಷದ ಕೃತಿ ಎಂಟೊಂಬತ್ತು ತುಂಡಾಗುತ್ತದೆ. ಪ್ರತಿ ತುಂಡಿನ ಕೊನೆಯಲ್ಲಿ ಆರ್ಕೆಸ್ಟ್ರಾ ನಿಂತು, ಧ್ವನಿ ಕೊರೆಯಲು ಹೊಸ ಮೇಣದ ತಟ್ಟೆ ಇಟ್ಟಮೇಲೆ ಮತ್ತೆ ಶುರು ಮಾಡಬೇಕು. ಅದಕ್ಕಿಂತ ಕಿರಿಕಿರಿಯ ಸಂಗತಿ ಇನ್ನೊಂದಿದೆ. ತಟ್ಟೆಯ ಹೊರ ಅಂಚಿನಲ್ಲಿ ಗೀರು ಮುಳ್ಳಿನಡಿ ಓಡುವ ವೇಗ ಹೆಚ್ಚು, ಒಳಗೆ ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದು ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಹಾಗಾಗಿ ಮುಖದ ಕೊನೆಗೆ ಬರುತ್ತ ತಾರಧ್ವನಿ ಮಂಕಾಗುತ್ತದೆ, ಮುಂದಿನ ಮುಖ ತಟ್ಟನೆ ಹೊಳಪಿನಿಂದ ಶುರುವಾಗುತ್ತದೆ. ಒಳ್ಳೆಯ ವರ್ಗಾವಣೆ (ಹಳೆಯ ತಟ್ಟೆಯಿಂದ ಸಿ.ಡಿ.ಗೆ ಇಳಿಸುವ ಕೆಲಸ) ಮಾಡುವವರು ಮುಖದ ಕೊನೆಯ ಒಂದು ನಿಮಿಷಕ್ಕೆ ಮೆಲ್ಲಗೆ ತಾರಧ್ವನಿ ಏರಿಸಿ ಈ ಜಿಗಿತವನ್ನು ಮುಚ್ಚುತ್ತಾರೆ. ಅವಸರದಲ್ಲಿ ಮಾಡಿದ್ದರಲ್ಲಿ ನಾಲ್ಕು ನಿಮಿಷಕ್ಕೊಮ್ಮೆ ಪಿಯಾನೊ ಬೇರೆಯದೇ ಆದಂತೆ ಕೇಳಿಸುತ್ತದೆ. ಮೂರನೆಯ ಕನ್ಸರ್ಟೊದ ಭಾಗಗಳು ನಡುವೆ ನಿಲುಗಡೆ ಇಲ್ಲದೆ ಸಾಗುವುದರಿಂದ ಅಲ್ಲಿ ಇದು ಹೆಚ್ಚು ನೋಯಿಸುತ್ತದೆ.

ವರ್ಗಾವಣೆಯಲ್ಲಿ ಆಗುವ ಎರಡನೆಯ ತಪ್ಪು, ಸದ್ದು ತೆಗೆಯುವ ಹುಮ್ಮಸ್ಸು. ಅರಗಿನ ತಟ್ಟೆಯ ಸರಸರ ಸದ್ದನ್ನು ಪೂರ್ತಿ ಅಳಿಸಲು ಹೋಗಿ ಐದಾರು ಸಾವಿರ ಹರ್ಟ್ಜ್ ಮೇಲಿನದ್ದನ್ನೆಲ್ಲ ಕತ್ತರಿಸಿದರೆ, ಸುತ್ತಿಗೆ ತಂತಿಗೆ ತಾಗುವ ಕ್ಷಣವೂ ಜೊತೆಗೇ ಹೋಗುತ್ತದೆ. ಮೆಟ್ನರ್ ಒತ್ತು ಕೊಡುವ ರೀತಿ ಇರುವುದೇ ಆ ಕ್ಷಣದಲ್ಲಿ. ಸದ್ದು ಸ್ವಲ್ಪ ಉಳಿಸಿಕೊಂಡ ವರ್ಗಾವಣೆಯನ್ನೇ ಆರಿಸಿ. ಎರಡು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ. ಎರಡು ಮತ್ತು ಮೂರನೆಯ ಕನ್ಸರ್ಟೊಗಳಿಗೆ ಟೆಸ್ಟಮೆಂಟ್ ಸಿ.ಡಿ., ಒಂಟಿ ಪಿಯಾನೊ ಕೃತಿಗಳಿಗೆ ಎಪಿಆರ್ ಸಂಸ್ಥೆಯ ಸಿ.ಡಿ.ಗಳು ನಂಬಿಕೆಗೆ ಅರ್ಹ.

ಮೂರನೆಯದು ಶ್ರುತಿ. ತಟ್ಟೆ ಓಡಿಸುವ ವೇಗ ನೂರಕ್ಕೆ ಒಂದರಷ್ಟು ತಪ್ಪಿದರೆ ಶ್ರುತಿ 17 ಸೆಂಟ್ ಸರಿಯುತ್ತದೆ, ಅಂದರೆ ಅರ್ಧ ಸ್ವರದ ಆರನೇ ಒಂದು ಪಾಲು. ಅಂತರ್ಜಾಲದಲ್ಲಿ ಯಾರೋ ಹಾಕಿದ ಕಡತದ ಬಗ್ಗೆ ಅನುಮಾನ ಬಂದರೆ, ಉದ್ದಕ್ಕೆ ನಿಲ್ಲುವ ಒಂದು ಸ್ವರಮೇಳದ ಎದುರು ಫೋನಿನ ಟ್ಯೂನರ್ ಆ್ಯಪ್ ಹಿಡಿದು ನೋಡಿ. ಎ ಸ್ವರ 440 ಹರ್ಟ್ಜ್ ಆಸುಪಾಸಿನಲ್ಲಿ ಇರಬೇಕು.

ಮೂಲ ತಟ್ಟೆಗಳೇ ಯಾರ ಮನೆಯಲ್ಲಾದರೂ ಸಿಕ್ಕರೆ ಎಲ್‌ಪಿ ಮುಳ್ಳಿನಲ್ಲಿ ನುಡಿಸಬೇಡಿ. ಅದರ ತುದಿ ಸುಮಾರು 18 ಮೈಕ್ರಾನ್. 78ರ ಅಗಲ ಗೀರಿನಲ್ಲಿ ಅದು ಗೋಡೆಗೆ ತಾಗದೆ ತಳದ ಕಸದಲ್ಲಿ ಹೊರಳಾಡುತ್ತದೆ. 65ರಿಂದ 75 ಮೈಕ್ರಾನಿನ ಮುಳ್ಳು ಬೇಕು. ಇಂದಿನ ಫೋನೊ ಆಂಪ್ಲಿಫೈಯರ್‌ಗಳಲ್ಲಿರುವ ಆರ್‌ಐಎಎ ತಿದ್ದುಪಡಿ (ಎಲ್‌ಪಿಗೆ ತಕ್ಕಂತೆ ಮಂದ್ರ ಏರಿಸಿ ತಾರ ಇಳಿಸುವುದು) ಬಂದದ್ದು ಈ ತಟ್ಟೆಗಳ ಅನಂತರ. ಅದರ ಮೂಲಕ ಕೇಳಿದರೆ 10,000 ಹರ್ಟ್ಜ್‌ನಲ್ಲಿ ಸುಮಾರು 14 ಡೆಸಿಬಲ್ ಕೊರತೆ ಬೀಳುತ್ತದೆ, ಮಂದ್ರ ಅಗತ್ಯಕ್ಕಿಂತ ಉಬ್ಬುತ್ತದೆ. ತಿದ್ದುಪಡಿ ಇಲ್ಲದೆ ಕಂಪ್ಯೂಟರಿಗೆ ಇಳಿಸಿಕೊಂಡು, ಮಂದ್ರವನ್ನು ಮಾತ್ರ 250 ಹರ್ಟ್ಜ್‌ನಿಂದ ಕೆಳಗೆ ಏರಿಸಿದರೆ ಸರಿಹೋಗುತ್ತದೆ. ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗಿ ತಟ್ಟೆ ಕೆಟ್ಟೇ ಹೋಗುತ್ತದೆ. ಶುದ್ಧ ನೀರಿನಲ್ಲಿ ಒಂದು ಹನಿ ಸೋಪು ಸಾಕು, ಲೇಬಲ್ ನೆನೆಯಬಾರದು.

ಆರ್ಕೆಸ್ಟ್ರಾ ಕೇಳಬೇಕಾದರೆ ಹೊಸ ಮುದ್ರಣಗಳಿಗೇ ಬರಬೇಕು. 1947ರ ಮೈಕ್ರೊಫೋನುಗಳಿಗೆ ವಯೋಲಾ ಮತ್ತು ಹಾರ್ನ್‌ಗಳ ಹೆಣಿಗೆ ಅಷ್ಟಾಗಿ ಸಿಕ್ಕಿಲ್ಲ. ಎರಡು ಮತ್ತು ಮೂರನ್ನು ಒಂದೇ ಸಿ.ಡಿ.ಯಲ್ಲಿ ಕೊಟ್ಟ ಹೈಪೀರಿಯನ್ ಕಂಪನಿಯ ಮುದ್ರಣದಲ್ಲಿ ನಿಕೊಲಾಯ್ ಡೆಮಿಡೆಂಕೊ ಪಿಯಾನೊ, ಯೆರ್ಝಿ ಮಾಕ್ಸಿಮ್ಯೂಕ್ ನಿರ್ದೇಶನದ ಬಿಬಿಸಿ ಸ್ಕಾಟಿಷ್ ಸಿಂಫನಿ. 1990ರ ದಶಕದಲ್ಲಿ ಮೆಟ್ನರ್ ಮತ್ತೆ ಮನೆಮನೆಗೆ ತಲುಪಿದ್ದರಲ್ಲಿ ಇದರ ಪಾಲು ದೊಡ್ಡದು. ಟೊಕಾಟಾ ಇಲ್ಲಿ ಬಿಗಿಯಾಗಿ, ಕಿಡಿ ಹಾರಿದಂತೆ ಇದೆ. ಮೂರನೆಯದರ ಮೃದು ಜಾಗಗಳಲ್ಲಿ ಮಾತ್ರ ಉಸಿರಾಡಲು ಬಿಡುವು ಸಾಲದು. ಶಾಂಡೋಸ್‌ನಲ್ಲಿ ಜೆಫ್ರಿ ಟೋಜರ್ ಮತ್ತು ನೀಮೆ ಯಾರ್ವಿ ಮೂರನ್ನೂ ಮಾಡಿದ್ದಾರೆ. ಅಲ್ಲಿ ಸಭಾಂಗಣದ ಅನುರಣನ ಹೆಚ್ಚು. ರೊಮಾಂಝಾಗೆ ಅದು ಚೆಲುವು, ದಟ್ಟವಾದ ಕಡೆ ಎಲ್ಲ ಕಲಸಿಹೋಗುತ್ತದೆ. ನಾಕ್ಸೋಸ್‌ನ ಕೊನ್ಸ್ತಾಂತಿನ್ ಶೆರ್ಬಕೊವ್ ಅಗ್ಗದ ಬೆಲೆಗೆ ಅತಿ ಸ್ಪಷ್ಟವಾದ ಪಿಯಾನೊ ಕೊಡುತ್ತಾರೆ, ಆರ್ಕೆಸ್ಟ್ರಾ ತೆಳು.

ಬಿಐಎಸ್‌ನಲ್ಲಿ ಯೆವ್ಗೆನಿ ಸುದ್‌ಬಿನ್ ಮೂರು ಕನ್ಸರ್ಟೊಗಳನ್ನು ಮೂರು ಬೇರೆ ಆರ್ಕೆಸ್ಟ್ರಾ ಜೊತೆ ನುಡಿಸಿದ್ದಾರೆ. ಎರಡನೆಯದನ್ನು ರಾಖ್ಮನಿನೊವ್ ನಾಲ್ಕನೆಯದರ ಮೂಲ ಪಾಠದ ಜೊತೆ ಇಟ್ಟದ್ದು ತುಂಬ ಒಳ್ಳೆಯ ಯೋಚನೆ. ಪರಸ್ಪರ ಅರ್ಪಿಸಿಕೊಂಡ ಎರಡು ಕೃತಿಗಳನ್ನು ಬೆನ್ನುಬೆನ್ನಿಗೆ ಕೇಳಬಹುದು. ಮೂರನೆಯದು ಬರ್ಗನ್ ಆರ್ಕೆಸ್ಟ್ರಾ ಮತ್ತು ಆಂಡ್ರ್ಯೂ ಲಿಟನ್ ಜೊತೆ. ಆ ಕೃತಿಗೆ ಇವತ್ತು ನಾನು ಮೊದಲು ಹೇಳುವ ಹೆಸರು ಇದೇ. ನಡುವಿನ ಇಂಟರ್‌ಲ್ಯೂಡಿಯಂ ಬರೀ ಕೆಲವೇ ಸಾಲು, ಮೊದಲ ಭಾಗದಿಂದ ಕೊನೆಯದಕ್ಕೆ ದಾಟಿಸುವ ಸೇತುವೆ. ಹಲವರು ಅದನ್ನು ಪ್ರತ್ಯೇಕ ನಿಧಾನ ಚಲನೆ ಎಂಬಂತೆ ಎಳೆಯುತ್ತಾರೆ, ಮುಂದಿನ ಏರಿಕೆ ಆಗ ಆಕಾಶದಿಂದ ಬಿದ್ದಂತಾಗುತ್ತದೆ. ಸುದ್‌ಬಿನ್ ಅದನ್ನು ನಡಿಗೆಯಲ್ಲೇ ಇಟ್ಟು ಫಿನಾಲೆಗೆ ಒಯ್ಯುತ್ತಾರೆ.

ಮಾರ್ಕ್‌ಆಂಡ್ರೆ ಹಾಮ್ಲಿನ್ ಮತ್ತು ವ್ಲಾದಿಮಿರ್ ಯುರೊವ್‌ಸ್ಕಿ ಲಂಡನ್ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ ಎರಡನೆಯದರಲ್ಲಿ ಆರ್ಕೆಸ್ಟ್ರಾದ ಒಳ ಸ್ತರಗಳು ಬೇರೆಲ್ಲೂ ಇಲ್ಲದಷ್ಟು ಬಿಡಿಬಿಡಿಯಾಗಿ ಕೇಳುತ್ತವೆ. ರಷ್ಯಾದ ಹಳೆಯ ಮೆಲೋಡಿಯಾ ಮುದ್ರಣಗಳಲ್ಲಿ ಮೆಟ್ನರ್ ಶಿಷ್ಯ ಅಬ್ರಾಮ್ ಶಾಟ್ಸ್ಕೆಸ್ ನುಡಿಸಿದ ಎರಡನೆಯದು, ತತಿಯಾನಾ ನಿಕೊಲಾಯೆವಾ ನುಡಿಸಿದ ಮೂರನೆಯದು ಸಿಕ್ಕರೆ ಬಿಡಬೇಡಿ. ಎರಡಕ್ಕೂ ಸ್ವೆಟ್ಲಾನೊವ್ ನಿರ್ದೇಶಕರು.

ಮೊದಲ ಕನ್ಸರ್ಟೊ ಎಲ್ಲಕ್ಕಿಂತ ಕಷ್ಟದ್ದು. ಸೊನಾಟಾ ರೂಪದಲ್ಲಿ ವಸ್ತುವನ್ನು ಬೆಳೆಸುವ ನಡುಭಾಗಕ್ಕೆ ಬದಲಾಗಿ ಮೆಟ್ನರ್ ಒಂದು ವೇರಿಯೇಷನ್ ಮಾಲೆಯನ್ನೇ, ಅಂದರೆ ವಸ್ತುವನ್ನು ಬಗೆಬಗೆಯಾಗಿ ಬದಲಿಸಿ ನುಡಿಸುವ ತುಣುಕುಗಳ ಸಾಲನ್ನೇ ಇಟ್ಟಿದ್ದಾರೆ. ವೇರಿಯೇಷನ್‌ಗಳ ನಡುವೆ ವೇಗ ಹೊಂದದಿದ್ದರೆ ಕೃತಿ ತುಂಡುತುಂಡಾಗಿ ಬೀಳುತ್ತದೆ, ಹೆಚ್ಚಿನ ಮುದ್ರಣಗಳು ಸೋಲುವುದು ಇಲ್ಲೇ. ಹೈಪೀರಿಯನ್‌ನ ದ್ಮಿತ್ರಿ ಅಲೆಕ್ಸೆಯೆವ್, ಅಲೆಕ್ಸಾಂದರ್ ಲಾಜರೆವ್ ಜೋಡಿ ಇದನ್ನು ಚೆನ್ನಾಗಿ ಹಿಡಿದಿಟ್ಟಿದೆ.

ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಆ್ಯಪ್ ಸೆಟ್ಟಿಂಗಿನಲ್ಲಿ ಕ್ರಾಸ್‌ಫೇಡ್ (ಒಂದು ಟ್ರ್ಯಾಕ್ ಇನ್ನೊಂದರೊಳಗೆ ಕರಗುವುದು) ಆಫ್ ಮಾಡಿ, ಗ್ಯಾಪ್‌ಲೆಸ್ (ಟ್ರ್ಯಾಕ್‌ಗಳ ನಡುವೆ ಬಿಡುವಿಲ್ಲದಿರುವುದು) ಆನ್ ಮಾಡಿ, ವಾಲ್ಯೂಮ್ ಸಮ ಮಾಡುವ ಆಯ್ಕೆ ತೆಗೆಯಿರಿ. ಇಲ್ಲದಿದ್ದರೆ ಇಂಟರ್‌ಲ್ಯೂಡಿಯಂನಿಂದ ಫಿನಾಲೆಗೆ ದಾಟುವ ಜಾಗ ಹಾಳಾಗುತ್ತದೆ. ಹೆಸರಿನ ಕಾಗುಣಿತ ಇಂಗ್ಲಿಷಿನಲ್ಲಿ 'ಡಿ' ಅಕ್ಷರ ಸೇರಿಸಿಯೂ ಸೇರಿಸದೆಯೂ ಸಿಗುತ್ತದೆ. ಜೊತೆಗೆ ಓಪಸ್ ಸಂಖ್ಯೆ ಹಾಕಿ ಹುಡುಕಿದರೆ ಮೆಲೋಡಿಯಾದವೂ ಕಣ್ಣಿಗೆ ಬೀಳುತ್ತವೆ. ಮೊದಲ ಸಲ ಕೇಳುವವರು ಮೂರನೆಯದನ್ನು ಸುದ್‌ಬಿನ್ ಕೈಯಲ್ಲಿ ಕೇಳಿ, ಕೂಡಲೇ ಮೆಟ್ನರ್–ದೊಬ್ರೊವೆನ್ ತಟ್ಟೆಯಲ್ಲಿ ಕೇಳಿ. ಆಮೇಲೆ ಎರಡನೆಯದಕ್ಕೆ ಇದೇ ಕ್ರಮದಲ್ಲಿ ಹಾಮ್ಲಿನ್, ಮೆಟ್ನರ್. ಮೊದಲನೆಯದು ಕೊನೆಗಿರಲಿ.