ಮಳೆಗಾಲ ಮತ್ತು ಕಳ್ಳಿ

ಜೂನ್ ಬಂತು. ಬೆಂಗಳೂರಿನ ಬಾಲ್ಕನಿಗಳಲ್ಲಿ ಕಳ್ಳಿ ಕೊಳೆಯುವ ಕಾಲ. ಬಿಸಿಲಿಗೆ ಒಣಗಿ ಸತ್ತ ಕಳ್ಳಿ ನಾನು ನೋಡಿದ್ದು ಕಡಿಮೆ, ನೀರು ಹೆಚ್ಚಾಗಿ ಸತ್ತವೇ ಜಾಸ್ತಿ. ಕುಂಡದ ಮಣ್ಣು ತಳದವರೆಗೂ ಒಣಗಿದ ಮೇಲೆ ನೀರು ಹಾಕಿದರೆ ಸಾಕು. ಮಳೆಗೆ ನೆನೆಯುವ ಜಾಗದಲ್ಲಿದ್ದರೆ ಒಳಗಿಡಿ. ಬರೀ ಕೆಂಪು ಮಣ್ಣು ಬೇಡ, ಅರ್ಧದಷ್ಟು ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿ. ತಳದಲ್ಲಿ ತೂತು ಇರಲೇಬೇಕು.

ನರ್ಸರಿಯಲ್ಲಿ ತಲೆ ಮೇಲೆ ಕೆಂಪು ಚೆಂಡು ಕೂರಿಸಿದ ಕಳ್ಳಿ ಸಿಗುತ್ತದಲ್ವಾ? ಆ ಚೆಂಡಿನಲ್ಲಿ ಹಸಿರೇ ಇಲ್ಲ, ತನ್ನ ಆಹಾರ ತಾನು ಮಾಡಿಕೊಳ್ಳಲಾರದು. ಕಸಿ ಕಟ್ಟಿದ ಕೆಳಗಿನ ಕಾಂಡ, ಹೆಚ್ಚಾಗಿ ಡ್ರ್ಯಾಗನ್ ಫ್ರೂಟ್ ಜಾತಿಯದು, ಅದನ್ನು ಸಾಕುತ್ತದೆ. ಸಾಮಾನ್ಯವಾಗಿ ಕೆಲವೇ ವರ್ಷ ಬಾಳುತ್ತದೆ. ನನಗಂತೂ ಕೊಳ್ಳಲು ಮನಸ್ಸಾಗಲ್ಲ.

ಮನೆಯಲ್ಲಿ ಮುಳ್ಳಿನ ಗಿಡ ಒಳ್ಳೆಯದಲ್ಲ ಅನ್ನುವ ನಮ್ಮತ್ತೆ, ರಾತ್ರಿ ಬ್ರಹ್ಮಕಮಲ ಅರಳಿದರೆ ಆರತಿ ಎತ್ತುತ್ತಾರೆ. ನಾವು ಮನೆಗಳಲ್ಲಿ ಬೆಳೆಸುವ ಆ ಬ್ರಹ್ಮಕಮಲವೂ ಕಳ್ಳಿಯೇ, ಮೆಕ್ಸಿಕೊ ಕಡೆಯದು. ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಜಾತಿ. ಅದಕ್ಕೆ ಅರೆನೆರಳು, ಸ್ವಲ್ಪ ತೇವ ಬೇಕು, ಮೇಲೆ ಹೇಳಿದ ಲೆಕ್ಕ ನಡೆಯಲ್ಲ. ಅತ್ತೆಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.