ಘಟ್ಟ ಇಳಿದ ಹಳಿ ಬೆಳೆಸಿದ ಮರ್ಮಗೋವಾ

ಬೆಳಗಾವಿಯವರು ಗೋವಾ ಅಂದ್ರ ಬೀಚ್ ಅಷ್ಟ ನೆನೀತಾರ. ಜುವಾರಿ ನದಿಯ ಅಳಿವೆಯ ದಕ್ಷಿಣಕ್ಕ ಕಡಲಿಗೆ ಚಾಚಿದ ಮರ್ಮಗೋವಾ ಪರ್ಯಾಯದ್ವೀಪದ ಕಥಿ ನಮ್ಮ ಲೋಂಡಾ ರೈಲು ಜಂಕ್ಷನ್ನಿಗೆ ಕೂಡೇದ.

ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಲು ಸುರು ಮಾಡಿದ್ದು 1624ರಾಗ. ಆದರ ಬಂದರಿಗೆ ಜೀವ ಬಂದದ್ದು ಹಳಿಯಿಂದ. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ನಂತರ ಕೆಲಸ ನಡೆದು, 1888ಕ್ಕ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ರೈಲು ಬಂದರಿನಿಂದ ಘಟ್ಟ ಏರಿ, ಬ್ರಿಟಿಷ್ ಸೀಮೆಯ ಗಡಿಯಾಗಿದ್ದ ಕ್ಯಾಸಲ್‌ರಾಕ್ ಮುಟ್ಟಿತು.

ಕಷ್ಟ ಇರೋದು ಘಟ್ಟದಾಗ. 37 ಮೀಟರಿಗೆ 1 ಮೀಟರ್ ಏರು, ಭಾಳ ಕಡಿದು. ಒಂದ ಎಂಜಿನ್ ಎಳೆಯೂದಿಲ್ಲ. ಹಿಂದಿನಿಂದ ಬ್ಯಾಂಕರ್ ಎಂಜಿನ್ ದೂಡಬೇಕು. ಇಳಿಯುವಾಗ ಬ್ರೇಕ್ ಕಾದು ಹಿಡಿತ ತಪ್ಪುವ ಅಪಾಯ. ಮಳೆಗಾಲದಾಗ ಮಣ್ಣು ಕುಸಿದರ ಬಂದರಿನ ಸರಕೂ ನಿಂತಂಗ. 1961ರ ಡಿಸೆಂಬರ್‌ನಾಗ ಗೋವಾ ಬಿಡುಗಡೆ ಆತು. 1990ರ ದಶಕದಾಗ ಹಳಿ ಇನ್ನೂ ಅಗಲದ ಬ್ರಾಡ್ ಗೇಜ್ ಆತು, ಏರು ಮಾತ್ರ ಹಂಗ ಉಳೀತು.