ಕಾರ್ಟೂನ್ ನೋಡಿ ಯಾಕೆ ಅಳ್ತೀಯ?

ಮೊನ್ನೆ ಅತ್ತಿಗೆ ಮತ್ತೆ ಕೇಳಿದರು. "ಅಲ್ಲಪ್ಪಾ, ಅದು ಕಾರ್ಟೂನು ತಾನೇ? ಕಾರ್ಟೂನ್ ನೋಡಿ ಯಾರಾದ್ರೂ ಕಣ್ಣು ಒರೆಸಿಕೊಳ್ತಾರಾ?" ಆಫೀಸಿನಲ್ಲೂ ಇದೇ ಪ್ರಶ್ನೆ, ಮದುವೆ ಮನೆಯ ಊಟದ ಸಾಲಿನಲ್ಲೂ ಇದೇ. ಅವರ ತಪ್ಪೇನಿಲ್ಲ ಬಿಡಿ. ಅತ್ತಿಗೆಯ ಮಗ ನೋಡುವುದು ಡೋರೆಮಾನ್, ಶಿನ್‌ಚಾನ್. ನಾನು ನೋಡುವ ಅನಿಮೆಗಳ, ಅಂದರೆ ಜಪಾನಿ ಕಾರ್ಟೂನುಗಳ, ಹಾಗೆ ಅವೂ ಜಪಾನಿನವೇ. ಅಲ್ಲಿ ನಗು, ಗಲಾಟೆ. ನಾನು ನೋಡುವುದರಲ್ಲಿ ಮಾತ್ರ ಕತೆ ಮುಗಿಯುವ ಹೊತ್ತಿಗೆ ಯಾರೋ ಒಬ್ಬರು ಇರುವುದಿಲ್ಲ. ಇದ್ದರೂ ಬೇರೆ ಊರಿನ ರೈಲು ಹತ್ತಿರುತ್ತಾರೆ.

ಅನ್ನ ಕಲಸುತ್ತಾ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಂಟರ್ನೆಟ್ಟಿನಲ್ಲಿ ಒಂದು ರೆಡಿಮೇಡ್ ಉತ್ತರ ಸಿಗುತ್ತದೆ: ಜಪಾನಿಯರ 'ಮೊನೊ ನೊ ಅವಾರೆ'. ಯಾವುದೂ ಉಳಿಯುವುದಿಲ್ಲ ಎಂದು ತಿಳಿದಾಗ ಒಳಗೆ ಏಳುವ ಮೆಲ್ಲನೆಯ ನೋವು ಅಂತ ಅದರ ಅರ್ಥ. 18ನೇ ಶತಮಾನದ ವಿದ್ವಾಂಸ ಮೊತೊವೊರಿ ನೊರಿನಾಗಾ, ತಮಗಿಂತ ಏಳು ನೂರು ವರ್ಷ ಹಳೆಯದಾದ 'ಗೆಂಜಿಯ ಕತೆ' ಎಂಬ ಕಾದಂಬರಿಯ ಜೀವಾಳ ಇದೇ ಎಂದರು. ಮಾತು ಸುಳ್ಳಲ್ಲ. ಆದರೆ ಇಷ್ಟೇ ಹೇಳಿ ಕೈ ತೊಳೆದುಕೊಂಡರೆ ಜಪಾನಿನವರೆಲ್ಲ ಹುಟ್ಟಾ ಸಂನ್ಯಾಸಿಗಳು ಅನ್ನಿಸಿಬಿಡುತ್ತದೆ. ಶಿನ್‌ಚಾನ್ ಮಾಡಿದವರೂ ಅವರೇ ಅಲ್ವಾ? ನನಗೆ ಇದಕ್ಕಿಂತ ಹತ್ತಿರದ ಕಾರಣಗಳು ಕಾಣುತ್ತವೆ.

ಈ ಕಲೆಯನ್ನು ಕಟ್ಟಿದವರು ಯಾರು, ನೋಡಿ. 1945ರಲ್ಲಿ ಒಸಾಮು ತೆಜುಕಾ ಹದಿನಾರರ ಹುಡುಗ. ಒಸಾಕಾದ ಕಾರ್ಖಾನೆಯಲ್ಲಿ ಯುದ್ಧದ ಕೆಲಸಕ್ಕೆ ಹಾಕಿದ್ದರು. ಅಲ್ಲೇ ಬಾಂಬ್ ಬಿತ್ತು, ಬದುಕಿದ್ದೇ ದೊಡ್ಡದು. ಇಸಾವೊ ತಕಹಾತಾಗೆ ಆಗ ಒಂಬತ್ತು ವರ್ಷ. ಒಕಾಯಾಮಾ ಹೊತ್ತಿ ಉರಿಯುವಾಗ ಬರಿಗಾಲಲ್ಲಿ ಓಡಿ ಉಳಿದವರು. ಮುಂದೆ ತೆಜುಕಾ ಟೀವಿಗೆ ಆಸ್ಟ್ರೋ ಬಾಯ್ ಮಾಡಿದರು. ಮಕ್ಕಳ ಕಣ್ಮಣಿಯಾಗಿದ್ದ ಆ ರೋಬೋ ಹುಡುಗ ಕೊನೆಯ ಎಪಿಸೋಡಿನಲ್ಲಿ ಭೂಮಿಯನ್ನು ಉಳಿಸಲು ಸೂರ್ಯನ ಕಡೆ ಹಾರಿಹೋದ. ಅದು ಪ್ರಸಾರವಾದದ್ದು 1966ರ ಡಿಸೆಂಬರ್ 31ಕ್ಕೆ. ಹೊಸ ವರ್ಷದ ಹಿಂದಿನ ದಿನ!

ತಕಹಾತಾ ಅವರದು 1988ರ 'ಹೊತಾರು ನೊ ಹಾಕಾ'. ಮಿಂಚುಹುಳುಗಳ ಗೋರಿ ಎಂದು ಅರ್ಥ. ಮೂಲ ಕತೆ ಬರೆದ ಅಕಿಯುಕಿ ನೊಸಾಕಾ ಕೂಡ ಯುದ್ಧದಲ್ಲಿ ಪುಟ್ಟ ತಂಗಿಯನ್ನು ಹಸಿವಿಗೆ ಕಳೆದುಕೊಂಡವರು. ಸಿನಿಮಾ ಶುರುವಾಗುವುದೇ ಹುಡುಗ ಸೇಯಿತಾ ರೈಲು ನಿಲ್ದಾಣದ ಕಂಬಕ್ಕೆ ಒರಗಿ ಸಾಯುವುದರಿಂದ. ಮೊದಲೇ ಹೇಳಿಬಿಟ್ಟ ಮೇಲೆ ಮುಂದೇನಾಗುತ್ತೋ ಎಂಬ ಕುತೂಹಲ ಎಲ್ಲಿ ಉಳಿಯಿತು? ಹಾಗಾಗಿ ಕಣ್ಣು ಸಣ್ಣಪುಟ್ಟ ವಸ್ತುಗಳ ಮೇಲೆ ನಿಲ್ಲುತ್ತದೆ. ಹಣ್ಣಿನ ಪೆಪ್ಪರ್‌ಮಿಂಟಿನ ಒಂದು ತಗಡಿನ ಡಬ್ಬಿ ಇದೆ. ತಂಗಿ ಸೆತ್ಸುಕೊ ಅದನ್ನು ಅಲ್ಲಾಡಿಸಿ ಎಷ್ಟು ಉಳಿದಿದೆ ಅಂತ ಕೇಳಿಸಿಕೊಳ್ಳುತ್ತಾಳೆ. ಪೂರ್ತಿ ಖಾಲಿಯಾದಾಗ ಅಣ್ಣ ಡಬ್ಬಿಗೆ ನೀರು ತುಂಬಿ ಕುಲುಕಿ ಕೊಡುತ್ತಾನೆ. ಅವಳು ಕುಡಿದು, ಯಾವ ಯಾವ ಹಣ್ಣಿನ ರುಚಿ ಇದೆ ಅಂತ ಒಂದೊಂದೇ ಹೆಸರು ಹೇಳುತ್ತಾಳೆ. ನಾನು ಅತ್ತದ್ದು ಅಲ್ಲಿ, ಸಾವಿನ ದೃಶ್ಯದಲ್ಲಲ್ಲ. ಆಮೇಲೆ ಆ ಡಬ್ಬಿಯಲ್ಲಿ ಏನಿರುತ್ತದೆ ಎಂದು ನೋಡಿದವರಿಗೆ ಗೊತ್ತು.

ಈ ಚಿತ್ರ ಮೊದಲು ಥಿಯೇಟರಿಗೆ ಬಂದದ್ದು 'ತೊತೊರೊ' ಎಂಬ ಮಕ್ಕಳ ಅನಿಮೆಯ ಜೊತೆ, ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ. ಮಕ್ಕಳನ್ನು ಕರೆದುಕೊಂಡು ದೊಡ್ಡ ರೋಮದ ಪ್ರಾಣಿ ನೋಡಲು ಹೋದ ಅಪ್ಪ ಅಮ್ಮಂದಿರ ಪಾಡು ಏನಾಗಿರಬೇಡ!

ಮಕ್ಕಳಿಗೆ ಇದನ್ನೆಲ್ಲ ತೋರಿಸಬಹುದಾ ಅಂತ ಅತ್ತಿಗೆ ಕೇಳುತ್ತಾರೆ. ಪುಣ್ಯಕೋಟಿಯ ಹುಲಿ ಪ್ರಾಣ ಬಿಟ್ಟಾಗ ನಾವು ಎಷ್ಟು ವರ್ಷದವರು? ತೊಡೆಯ ಮೇಲೆ ಕೂರಿಸಿಕೊಂಡೇ ಹೇಳಿಕೊಟ್ಟರಲ್ಲ.

ಆಮೇಲೆ ಓದುಗರ ಸಂಗತಿ. ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ರಿಕಿಇಶಿಯದು. 'ನಾಳೆಯ ಜೋ' 1968ರಲ್ಲಿ ಹುಡುಗರ ವಾರಪತ್ರಿಕೆಯೊಂದರಲ್ಲಿ ಶುರುವಾದ ಬಾಕ್ಸಿಂಗ್ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್. ಆಮೇಲೆ ಅನಿಮೆಯೂ ಆಯಿತು. ಬಾಲಾಪರಾಧಿಗಳ ಜೈಲಿನಲ್ಲಿ ನಾಯಕ ಜೋಗೆ ರಿಕಿಇಶಿ ಎದುರಾಗುತ್ತಾನೆ. ಚಿತ್ರಗಾರ ತೆತ್ಸುಯಾ ಚಿಬಾ ಅವನನ್ನು ಜೋಗಿಂತ ಬಹಳ ದೊಡ್ಡ ಆಳಾಗಿ ಬರೆದುಬಿಟ್ಟಿದ್ದರು. ಮುಂದೆ ಇಬ್ಬರನ್ನೂ ರಿಂಗಿಗೆ ಇಳಿಸಬೇಕು ಅಂದಾಗ ತೂಕದ ಲೆಕ್ಕ ಕೂಡಲಿಲ್ಲ. ಸರಿ, ರಿಕಿಇಶಿ ತೂಕ ಇಳಿಸಲೇಬೇಕಾಯಿತು. ಊಟ ಬಿಟ್ಟ, ನೀರು ಬಿಟ್ಟ. ಜಿಮ್ಮಿನ ನಲ್ಲಿಗಳನ್ನೆಲ್ಲ ತಿರುಗಿಸಲಾಗದಂತೆ ತಂತಿ ಸುತ್ತಿ ಬಿಗಿದಿದ್ದರು. ಪಂದ್ಯವನ್ನೇನೋ ಗೆದ್ದ. ಗೆದ್ದು ಸತ್ತ. 1970ರ ಮಾರ್ಚಿನಲ್ಲಿ ಟೋಕಿಯೋದಲ್ಲಿ, ಪತ್ರಿಕೆಯ ಪ್ರಕಾಶಕರ ಕಟ್ಟಡದಲ್ಲೇ, ಅವನಿಗೆ ಅಂತ್ಯಕ್ರಿಯೆ ನಡೆಯಿತು. ಕಾಗದದ ಮೇಲಿನ ಒಬ್ಬ ಹುಡುಗನಿಗೆ! ಧೂಪ ಇತ್ತು, ಮಂತ್ರ ಇತ್ತು, ಸುಮಾರು 700 ಜನ ಬಂದಿದ್ದರು. ಅಷ್ಟು ಹೊತ್ತಿಗೆ ಆ ಪತ್ರಿಕೆಯನ್ನು ಓದುತ್ತಿದ್ದವರು ಬರೀ ಸಣ್ಣ ಹುಡುಗರಲ್ಲ, ಕಾಲೇಜಿನವರೂ ಓದುತ್ತಿದ್ದರು. ಹೀಗೆ ಜೊತೆಯಲ್ಲೇ ಬೆಳೆದ ಓದುಗರಿದ್ದಾಗ ಕತೆಗಾರನಿಗೆ ಸತ್ತವನನ್ನು ಸತ್ತವನಾಗಿಯೇ ಬಿಡುವ ಧೈರ್ಯ ಬರುತ್ತದೆ.

ನಮ್ಮ ಧಾರಾವಾಹಿಗಳಲ್ಲಿ ಆ ಧೈರ್ಯ ಕಷ್ಟ. ಸಾವಿರ ಎಪಿಸೋಡ್ ಓಡಬೇಕಲ್ಲ. ಸತ್ತವರು ಬೇರೆ ಮುಖ ಹೊತ್ತು ವಾಪಸ್ ಬರುತ್ತಾರೆ. ತಡರಾತ್ರಿ ಬರುವ ಅನಿಮೆಗಳಲ್ಲಿ ಹೆಚ್ಚಿನವಕ್ಕೆ ಹನ್ನೆರಡು-ಹದಿಮೂರು ವಾರ ಅಷ್ಟೇ ಆಯಸ್ಸು. ಎಷ್ಟು ವಾರ ಸಿಗುತ್ತದೆ ಎಂದು ಗೊತ್ತಿದ್ದವನು ಕೊನೆಯನ್ನು ಮೊದಲೇ ಯೋಚಿಸಿರುತ್ತಾನೆ.

ಇನ್ನು ಚೆರ್ರಿ ಹೂವು. ಹೌದು, ಅದನ್ನು ಬಿಡುವ ಹಾಗಿಲ್ಲ. ಆದರೆ ಅದರಲ್ಲಿ ಕವಿತ್ವಕ್ಕಿಂತ ಕ್ಯಾಲೆಂಡರ್ ಜಾಸ್ತಿ. ಜಪಾನಿನಲ್ಲಿ ಶಾಲೆ ಮುಗಿಯುವುದು ಮಾರ್ಚಿಗೆ, ಹೊಸ ತರಗತಿ ಏಪ್ರಿಲಿಗೆ. ಕಂಪನಿಗಳು ವರ್ಗ ಮಾಡುವುದೂ ಹೆಚ್ಚಾಗಿ ಆಗಲೇ. ಟೋಕಿಯೋದ ಕಡೆ ಹೂವು ಅರಳಿ ಎರಡು ವಾರದೊಳಗೆ ಉದುರುವುದೂ ಸರಿಯಾಗಿ ಆ ಹೊತ್ತಿಗೇ. ಜೊತೆಗೆ ಕೂತವಳು ಬೇರೆ ಊರಿಗೆ ಹೊರಟಾಗ ಮೇಲಿನಿಂದ ಹೂವು ಬೀಳುತ್ತಿರುತ್ತದೆ. ನಿರ್ದೇಶಕರು ಹುಡುಕಿಕೊಂಡು ಹೋಗಬೇಕಿಲ್ಲ.

ಮಕೊತೊ ಶಿಂಕಾಯಿ ಅವರ 2007ರ ಚಿತ್ರ '5 ಸೆಂಟಿಮೀಟರ್ಸ್ ಪರ್ ಸೆಕೆಂಡ್' ಪೂರ್ತಿ ಈ ವರ್ಗಾವಣೆಯ ಮೇಲೇ ನಿಂತಿದೆ. ಅಪ್ಪ ಅಮ್ಮನ ಕೆಲಸದ ದೆಸೆಯಿಂದ ಅಕಾರಿ ದೂರ ಹೋಗಿದ್ದಾಳೆ. ಈಗ ತಕಾಕಿಯ ಮನೆಯವರೂ ದೂರದ ಕಗೊಶಿಮಾಗೆ ಹೊರಟಿದ್ದಾರೆ. ಹೋಗುವ ಮೊದಲು ಒಮ್ಮೆ ನೋಡೋಣ ಅಂತ ಹುಡುಗ ರೈಲು ಹತ್ತುತ್ತಾನೆ. ಹಿಮ ಬಿದ್ದು ರೈಲು ನಿಂತ ಕಡೆಯೇ ನಿಲ್ಲುತ್ತದೆ. ಬಾ ಎಂದಿದ್ದು ಸಂಜೆ ಏಳಕ್ಕೆ, ತಲುಪಿದಾಗ ರಾತ್ರಿ ಹನ್ನೊಂದು ದಾಟಿದೆ. ಮನೆಗೆ ಹೋಗಿರಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡಿರುತ್ತಾನೆ. ಅವಳು ನಿಲ್ದಾಣದ ಒಲೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದಾಳೆ. ತಾನೇ ಮಾಡಿ ತಂದ ಬುತ್ತಿ ಜೊತೆಗಿದೆ. ಇಬ್ಬರೂ ಒಬ್ಬರಿಗೊಬ್ಬರು ಪತ್ರ ಬರೆದು ತಂದಿದ್ದರು. ಒಂದು ದಾರಿಯಲ್ಲೇ ಗಾಳಿಗೆ ಹಾರಿಹೋಯಿತು, ಇನ್ನೊಂದನ್ನು ಕೊಡಲೇ ಇಲ್ಲ. ಇಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಕೆಟ್ಟವರಲ್ಲ. ಬ್ಯಾಂಕಿನವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಐದು ಶಾಲೆ ಬದಲಿಸಿದವನು.

ಒಂದು ಮಾತು ಒಪ್ಪಿಕೊಳ್ಳಬೇಕು. ಅಳಿಸಲೆಂದೇ ಮಾಡುವ ಅನಿಮೆಗಳೂ ಧಾರಾಳ ಇವೆ. ಮೊದಲ ಎಪಿಸೋಡಿನಲ್ಲಿ ಹುಡುಗಿ ಕೆಮ್ಮಿದರೆ ಸಾಕು, ಕೊನೆಯದರಲ್ಲಿ ಏನಾಗುತ್ತದೆ ಅಂತ ಗೊತ್ತಾಗುತ್ತದೆ. ಅಂಥವಕ್ಕೆ ನಾನು ವಕಾಲತ್ತು ಹಾಕುವುದಿಲ್ಲ.

ಇಷ್ಟಾಗಿ, ಜಪಾನಿನ ಮನೆ ಮನೆಗೂ ಗೊತ್ತಿರುವ ಅನಿಮೆಯಲ್ಲಿ ಅಳುವಂಥದ್ದು ಏನೂ ಇಲ್ಲ. ಅದರ ಹೆಸರು 'ಸಜಾಎ-ಸಾನ್'. 1969ರಿಂದ ಭಾನುವಾರ ಸಂಜೆ ಆರೂವರೆಗೆ ಬರುತ್ತಿದೆ. ಒಂದು ಕೂಡು ಕುಟುಂಬ, ಒಂದು ಬೆಕ್ಕು, ಸಣ್ಣಪುಟ್ಟ ತಮಾಷೆ. ಮನೆಮಗಳು ಸಜಾಎಯ ತಮ್ಮ ಕತ್ಸುವೊ ಅಂದಿನಿಂದ ಇಂದಿನವರೆಗೂ ಐದನೇ ಕ್ಲಾಸಿನಲ್ಲೇ ಇದ್ದಾನೆ. ಅಪ್ಪನ ಬೋಳುತಲೆಯ ಮೇಲಿನ ಒಂಟಿ ಕೂದಲೂ ಉದುರಿಲ್ಲ. ಕೊನೆಗೆ ಸಜಾಎ ನೋಡುಗರ ಜೊತೆ ಕಲ್ಲು-ಕತ್ತರಿ-ಕಾಗದ ಆಡಿ ಹೊರಡುತ್ತಾಳೆ. ಕಾರ್ಯಕ್ರಮದ ಕೊನೆಯ ಹಾಡು ಕೇಳಿದ ಕೂಡಲೇ ನಾಳೆ ಸೋಮವಾರ, ಮತ್ತೆ ಆಫೀಸು ಅಂತ ಊರಿಗೆ ಊರೇ ಮಂಕಾಗುತ್ತದಂತೆ. ಅದಕ್ಕೊಂದು ಹೆಸರೂ ಇಟ್ಟಿದ್ದಾರೆ: ಸಜಾಎ-ಸಾನ್ ಸಿಂಡ್ರೋಮ್.